ಮೀನು ಕಟ್ಟುವ ಕಾಗದದಲ್ಲಿ ಮಾಮೆ ಒತುವಾ

ಕೊಟೊಕುರಾಬಾ ಮಾರುಕಟ್ಟೆಯ ಹಿಂದಿನ ಕಿರಿದಾದ ಮೆಟ್ಟಿಲು ಹತ್ತಿ ಯಾರಾದರೂ ಬಣ್ಣ ಹಚ್ಚುವುದನ್ನು ಕಲಿಯಲು ಬಂದರೆ, ಕ್ವಾನ್ಸಿಮಾ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅವರನ್ನು ಬಂದ ದಾರಿಯಲ್ಲೇ ವಾಪಸು ಕೆಳಗೆ ಕಳಿಸುವುದು. ಕೆಳಗೆ, ಮೆಟ್ಟಿಲ ಬುಡದಲ್ಲಿ, ಮಾಮೆ ಒತುವಾ ಕೆಂಕಿ ಮಾರುತ್ತ ಕೂತಿರುತ್ತಿದ್ದಳು. ಹುಳಿ ಬಂದ ಜೋಳದ ಹಿಟ್ಟನ್ನು ಒಣ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಉಂಡೆ, ಪಕ್ಕದಲ್ಲಿ ಕರಿದ ಮೀನು, ಮೆಣಸಿನ ಚಟ್ನಿ. ಇಷ್ಟೇ ಅವಳ ಅಂಗಡಿ.

"ಹೋಗಿ ಆ ಅಜ್ಜೀನ ನೋಡ್ಕೊಂಡು ಬಾ," ಎನ್ನುತ್ತಿದ್ದಳು ಕ್ವಾನ್ಸಿಮಾ. "ಕೆಂಕಿ ತಗೊಂಡು ನಿಧಾನಕ್ಕೆ ತಿನ್ನು. ತಿಂತಾ ತಿಂತಾ ಅವಳ ಹಣೆ ಮೇಲೆ ಬೆಳಕು ಯಾವ ಬಣ್ಣದಲ್ಲಿ ಬಿದ್ದಿದೆ ನೋಡು. ಆಮೇಲೆ ಫೋನು ತೆಗಿ."

ಬಂದವರು ಮುಖ ಸಿಂಡರಿಸುತ್ತಿದ್ದರು. ಬಣ್ಣ ಕಲಿಸುತ್ತಾರೆಂದು ಬಂದರೆ ತಿಂಡಿ ತಿನ್ನಲು ಕಳಿಸುತ್ತಾಳಲ್ಲ ಈ ಹೆಂಗಸು! ಕ್ವಾನ್ಸಿಮಾಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಮೊದಲೇ ಎಚ್ಚರಿಸಿ ಕಳಿಸುತ್ತಿದ್ದರಿಂದ ಬಾಯಿ ಬಿಡದೆ ಇಳಿದು ಹೋಗುತ್ತಿದ್ದರು.

ಕೋಪ ಇತ್ತು, ನಿಜ. ಇರಬಾರದೇಕೆ? ಫೋನಿನಲ್ಲಿ ಚಿತ್ರ ಬರೆಯುವ ಆ್ಯಪು ತೆರೆದರೆ ಚರ್ಮದ ಬಣ್ಣಗಳು ಎಂದು ಒಂದು ಸಾಲು ಸಿದ್ಧವಾಗಿ ಕೂತಿರುತ್ತದೆ. ಹಾಲಿನಂಥದ್ದು, ಹಾಲಿಗೆ ಚಿಟಿಕೆ ಅರಿಶಿನ ಬಿದ್ದಂಥದ್ದು, ಗುಲಾಬಿ, ತೆಳು ಗುಲಾಬಿ, ಇನ್ನೂ ತೆಳು ಗುಲಾಬಿ. ಸಾಲಿನ ಕೊನೆಯಲ್ಲಿ, ಬಡ ನೆಂಟನನ್ನು ಬಾಗಿಲ ಬಳಿ ಕೂರಿಸಿದ ಹಾಗೆ, ಒಂದೇ ಒಂದು ಕಂದು. ದೋಣಿ ಎಳೆಯುವವರು, ಮೀನು ಹೊಗೆಗಿಡುವ ಹೆಂಗಸರು, ಟ್ರೋಟ್ರೋ ವ್ಯಾನಿನ ಡ್ರೈವರುಗಳು, ಪಾದ್ರಿಗಳು, ಕಳ್ಳರು, ಎಲ್ಲರೂ ಆ ಒಂದು ಚೌಕದೊಳಗೆ ತುರುಕಿಕೊಳ್ಳಬೇಕಂತೆ. ಆ ಸಾಲು ಮಾಡಿದವನು ಯಾರೋ, ಯಾವ ಊರಿನವನೋ. ನಮ್ಮ ಬೀದಿಯಲ್ಲಿ ಒಂದು ಹೊತ್ತು ಕೂತು ಕೆಂಕಿ ತಿಂದವನಂತೂ ಅಲ್ಲ.

ಕ್ವಾನ್ಸಿಮಾ ಕಲಿತದ್ದೂ ಅಂಥವರ ವಿಡಿಯೊಗಳನ್ನು ನೋಡಿಯೇ. ಎಸಿಲ್ಫಿಯ 'ದೇವರ ಸಮಯವೇ ಸರಿ' ಪ್ರಿಂಟಿಂಗ್ ಅಂಗಡಿಗೆ ಅವಳು ಸೇರಿದ್ದು ಊರ ಗೋಡೆಗಳಿಗೆ ಹಚ್ಚುವ ಸಾವಿನ ಪೋಸ್ಟರುಗಳಿಗೆ ಹೆಸರು ಟೈಪು ಮಾಡಲು. ಬಿಡುವಿನಲ್ಲಿ ಚಿತ್ರಕ್ಕೆ ಬಣ್ಣ ಹಚ್ಚಲು ಕೂತಳು. ವಿಡಿಯೊದವನು ಹೇಳಿದಂತೆ ತಳಬಣ್ಣ ಹಾಕಿ, ಹೇಳಿದಂತೆ ನೆರಳು ಹಾಕಿ, ಮೊದಲ ಬಾರಿಗೆ ತನ್ನ ತಾಯಿಯ ಮುಖ ಮಾಡಿ ಮನೆಗೆ ಒಯ್ದು ತೋರಿಸಿದಳು. ತಾಯಿ ದಿಟ್ಟಿಸಿ ನೋಡಿ, ನನಗೆ ಕಾಮಾಲೆ ಆಗಿದ್ದು ಯಾವಾಗ, ನನಗೇ ಗೊತ್ತಿಲ್ಲವಲ್ಲ ಎಂದಳು. ಅಂದಿನಿಂದ ಕ್ವಾನ್ಸಿಮಾ ಆ ಬಣ್ಣದ ಸಾಲನ್ನೇ ಅಳಿಸಿಹಾಕಿದಳು. ನೋಡಿ ನೋಡಿ ತನ್ನದೇ ಬಣ್ಣಗಳನ್ನು ಕೂಡಿಸಿಕೊಂಡಳು. ವರ್ಷಗಳು ಕಳೆದ ಮೇಲೆ ಅಂಗಡಿಯ ಮಾಳಿಗೆಯ ಕೋಣೆಯಲ್ಲಿ, ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ, ಹೊಸಬರಿಗೆ ಕಲಿಸತೊಡಗಿದಳು.

ಪಾಠಕ್ಕೆ ಅವಳದು ಒಂದೇ ಚಿತ್ರ. ಮಾಮೆ ಒತುವಾ ಮೀನು ಕರಿಯುತ್ತಿದ್ದಾಗ ತಾನೇ ತೆಗೆದ ಒಂದು ಫೋಟೊ. ಅದರ ಬಣ್ಣವನ್ನೆಲ್ಲ ತೆಗೆದು ಬರೀ ಬೂದು ಮಾಡಿ ಎಲ್ಲರ ಫೋನಿಗೂ ಹಾಕುತ್ತಿದ್ದಳು. ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ಬೆರಳಿಟ್ಟು ತೋರಿಸಬೇಕು. ಆಮೇಲೆ ಮುಖಕ್ಕೊಂದು ಪದರ, ಬಟ್ಟೆಗೊಂದು ಪದರ, ಬಾಣಲೆಗೊಂದು ಪದರ, ಹೀಗೆ ಒಂದರ ಮೇಲೊಂದು ತಳಬಣ್ಣ ಹಾಸಬೇಕು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ನೆರಳಿಗೆ ಮತ್ತೊಂದು ಪದರ. ಅದಕ್ಕೆ ಕಪ್ಪು ಮುಟ್ಟಿದರೆ ಕೈ ಮೇಲೆ ಏಟು. ಕಪ್ಪು ಚರ್ಮಕ್ಕೆ ಕಪ್ಪು ನೆರಳು ಎಂದು ನಿಮಗೆ ಹೇಳಿದವರು ಯಾರು ಎಂದು ರೇಗುತ್ತಿದ್ದಳು. ಅಜ್ಜಿಯ ಗದ್ದದ ಕೆಳಗೆ ನೇರಳೆ ಇದೆ, ಕಿವಿಯ ಅಂಚಿನಲ್ಲಿ ಕೆಂಪು ಇದೆ, ಹಣೆಯ ಮೇಲೆ ಆಕಾಶದ ನೀಲಿ ಬಂದು ಕೂತಿದೆ, ಕೆನ್ನೆಯಲ್ಲಿ ಒಲೆಯ ಕಿತ್ತಳೆ ಇದೆ. ಕಪ್ಪು ಎಲ್ಲಿದೆ? ಬಾಣಲೆಯ ತಳದಲ್ಲಿದೆ, ಅಲ್ಲಿ ಹಾಕಿ.

ಪಾಸು ಫೇಲು ಮಾತ್ರ ಕ್ವಾನ್ಸಿಮಾಳ ಕೈಯಲ್ಲಿರಲಿಲ್ಲ. ಮುಗಿಸಿದ ಚಿತ್ರವನ್ನು ಅಗ್ಗದ ಕಾಗದದಲ್ಲಿ ಪ್ರಿಂಟು ಹಾಕಿ ಕೆಳಗೆ ಒಯ್ದು ಮಾಮೆ ಒತುವಾಗೆ ಕೊಡಬೇಕು. ಅವಳ ಎಡಗಣ್ಣಿಗೆ ಎಂದೋ ಕುದಿಯುವ ಎಣ್ಣೆ ಸಿಡಿದು ಬೆಳ್ಳಗೆ ಪೊರೆ ಕಟ್ಟಿತ್ತು. ಬಲಗಣ್ಣಿಗೆ ಹತ್ತಿರ ಹಿಡಿದು, ತಿರುಗಿಸಿ, ದೂರ ಹಿಡಿದು ನೋಡುತ್ತಿದ್ದಳು. ಒಪ್ಪಿಗೆಯಾದರೆ ಕೆಂಕಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸುವಳು, ಆದರೆ ಆ ಮುಚ್ಚಳ ಇನ್ನೂ ಬರಿದಾಗಿಯೇ ಇತ್ತು. ಒಪ್ಪಿಗೆಯಾಗದಿದ್ದರೆ ಕೊಟ್ಟವರ ಕಣ್ಣೆದುರಿಗೇ ಅದರಲ್ಲಿ ಮೀನು ಕಟ್ಟಿ ಮುಂದಿನ ಗಿರಾಕಿಯ ಕೈಗೆ ಕೊಡುವಳು. ಹಾಗಾಗಿ ಕೊಟೊಕುರಾಬಾದಲ್ಲಿ ಮಾಮೆ ಒತುವಾಳ ಎಣ್ಣೆ ಮೆತ್ತಿದ ಮುಖ ಕಾಣದ ಮನೆ ಕಡಿಮೆ.

ಅತಿ ಹೆಚ್ಚು ಮೀನು ಕಟ್ಟಿಸಿಕೊಂಡ ಖ್ಯಾತಿ ಟಾವಿಯಾನದು. ಐವತ್ತು ದಾಟಿದ ಮನುಷ್ಯ, ಒಂದು ಕಾಲದಲ್ಲಿ ಕ್ಷೌರದಂಗಡಿ, ಹೊಲಿಗೆಯಂಗಡಿಗಳ ಬೋರ್ಡು ಬರೆದು ಹೆಸರು ಮಾಡಿದವನು. ಪ್ಲಾಸ್ಟಿಕ್ ಬ್ಯಾನರು ಬಂದು ಅವನ ಕುಂಚ ಒಣಗಿಸಿತು. ಆ ಬ್ಯಾನರು ಹೊಡೆಯುವ ಅಂಗಡಿಯ ಮಾಳಿಗೆಗೇ ಬಂದು, ಬಿರುಕು ಬಿಟ್ಟ ಫೋನು ಹಿಡಿದು, ತನಗಿಂತ ಚಿಕ್ಕವಳ ಮುಂದೆ ಬೆಂಚಿನ ಮೇಲೆ ಕೂತ. ಆದರೆ ಎನಾಮೆಲ್ ಡಬ್ಬದ ಕಾಲದ ಕೈ. ನೆರಳು ಎಂದರೆ ಅದು ತಾನಾಗಿಯೇ ಕಪ್ಪಿನ ಕಡೆ ಹೋಗುತ್ತಿತ್ತು.

ಅವನ ಒಂದು ಚಿತ್ರ ನೋಡಿ ಮಾಮೆ ಒತುವಾ ಕೇಳಿದಳು, "ಏನಪ್ಪಾ ಟಾವಿಯಾ, ನಾನೇನು ಒಲೇಲಿ ಮರೆತುಬಿಟ್ಟ ಮೀನಾ?"

"ನೆರಳು ಅಜ್ಜಿ ಅದು."

"ನೆರಳಂತೆ. ಇದರಲ್ಲಿ ನನ್ನ ಕೈ ಮಾತ್ರ ನನ್ನದು. ಮಿಕ್ಕಿದ್ದು ಇದ್ದಿಲು." ಮೀನು ಇಟ್ಟು ಮಡಚಿಬಿಟ್ಟಳು.

ಕೈ ಎಂದರೆ ಅವಳ ಮುಂಗೈಗಳು. ಮೊಣಕೈವರೆಗೂ ಎಣ್ಣೆ ಸಿಡಿದ ಕಲೆಗಳು, ಕೆಲವು ತಿಳಿ, ಕೆಲವು ಕಡು. ಅವನ್ನು ಬಿಟ್ಟು ಬರೆದ ಚಿತ್ರವನ್ನು ಅವಳು ನೋಡುತ್ತಲೂ ಇರಲಿಲ್ಲ. ಯಾರದೋ ಕೈ ತಂದು ನನಗೆ ಅಂಟಿಸಿದ್ದೀರಿ, ಆ ಕೈಗೆ ಕೆಂಕಿ ಸುತ್ತಲು ಬರುತ್ತದೆಯೇ ಎಂದು ಕೇಳುತ್ತಿದ್ದಳು.

ಒಮ್ಮೆ ಕ್ವಾನ್ಸಿಮಾ ತಾನೇ ಒಂದು ಮಾಡಿ ಒಯ್ದಳು. ಗುರು ಮಾಡಿದ್ದು, ಬೀದಿಯೇ ನೋಡಲು ನೆರೆಯಿತು. ಮಾಮೆ ಒತುವಾ ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು.

"ಎಲ್ಲಾ ಸರಿಯಾಗಿದೆ ಮಗಳೇ. ಆದರೆ ಇದರಲ್ಲಿ ನೀನು ಕಾಣ್ತೀಯ, ನಾನು ಕಾಣಲ್ಲ," ಎಂದು ಹೇಳಿ, ಆ ದಿನದ ಅತಿ ದೊಡ್ಡ ಮೀನನ್ನೇ ಆರಿಸಿ ಅದರಲ್ಲಿ ಕಟ್ಟಿದಳು. ಕ್ವಾನ್ಸಿಮಾ ಒಂದು ವಾರ ಅವಳೊಂದಿಗೆ ಮಾತು ಬಿಟ್ಟಳು. ಕೆಂಕಿ ಬಿಡಲಿಲ್ಲ. ಇನ್ನೊಬ್ಬರ ಕೈಯಲ್ಲಿ ತರಿಸಿ ತಿಂದಳು.

ಇಷ್ಟೆಲ್ಲ ಹೇಳಿದ್ದು ಏಕೆಂದರೆ ಮುಂದಿನದನ್ನು ಹೇಳುವಾಗ ನನಗೆ ಇನ್ನೂ ಮೈ ಉರಿಯುತ್ತದೆ.

ಮಾಮೆ ಒತುವಾಗೆ ಸೊಂಟ ಹಿಡಿದಾಗ ಕ್ವಾನ್ಸಿಮಾ ಮತ್ತು ಟಾವಿಯಾ ಅವಳನ್ನು ವ್ಯಾನಿನಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ಅವಳಿಗೊಂದು ಕುಟುಂಬವಿದೆ, ಆ ಕುಟುಂಬಕ್ಕೆ ಹಿರಿಯನೊಬ್ಬನಿದ್ದಾನೆ ಎಂದು ಬೀದಿಗೆ ತಿಳಿದದ್ದೇ ಆಗ. ಎಜೀರ್ ಎಂದು ಅವನ ಹೆಸರು, ಅವಳ ಅಕ್ಕನ ಮಗ. ಅಷ್ಟು ವರ್ಷ ಅವಳು ಬಿಸಿಲಲ್ಲಿ ಕೂತಿದ್ದಾಗ ಒಂದು ಕೊಡೆ ತಂದುಕೊಟ್ಟವನಲ್ಲ. ಈಗ ಬಂದು, ನಮ್ಮವಳನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಕುಟುಂಬದ ಮನೆಗೆ ಕರೆದುಕೊಂಡು ಹೋದ. ಬೀದಿ ಒಳ್ಳೆಯದೇ ಆಯಿತು ಎಂದುಕೊಂಡಿತು. ಅಜ್ಜಿ ಊರಿಗೆ ಹೋಗಿದ್ದಾಳೆ, ಸುಧಾರಿಸಿಕೊಂಡು ಬರುತ್ತಾಳೆ ಎಂದು ಗಿರಾಕಿಗಳು ಮಾತಾಡಿಕೊಂಡರು. ಅಂಗಡಿಯ ಹಲಗೆಗಳು ಮುಚ್ಚಿಯೇ ಇದ್ದವು.

ಅವಳು ಸತ್ತಳು. ಯಾರಿಗೂ ತಿಳಿಯಲಿಲ್ಲ. ನಮ್ಮಲ್ಲಿ ಸಾವನ್ನು ಮೊದಲು ಬಾಯಿಬಿಟ್ಟು ಹೇಳುವ ಹಕ್ಕು ಕುಟುಂಬದ್ದು. ಅವರು ಹೇಳುವವರೆಗೆ ಸತ್ತವರು ಸತ್ತಿಲ್ಲ. ಎಜೀರ್ ಹೇಳಲಿಲ್ಲ, ಏಕೆಂದರೆ ಮನೆಗೆ ಸುಣ್ಣಬಣ್ಣ ಆಗಿರಲಿಲ್ಲ. ನೆಂಟರು ಬಂದು ನೋಡುವ ಮನೆಯಲ್ಲವೇ? ಗೋಡೆಗೆ ಬಣ್ಣ ಹೊಡೆದು, ಅಂಗಳಕ್ಕೆ ಕಲ್ಲು ಹಾಸಿ, ಹೊಸ ಗೇಟು ಕೂರಿಸುವವರೆಗೆ ಆ ಹೆಂಗಸು ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿ ಕಾದಳು. ಕುಟುಂಬಕ್ಕೆ ಹೆಣದ ಮೇಲೆ ಪ್ರೀತಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಬದುಕಿದ್ದಾಗ ಬಂದು ಒಂದು ಹೊತ್ತು ಎದುರು ಕೂರದವರು ಸತ್ತ ಮೇಲೆ ಗೇಟು ಮಾಡಿಸಿದರು.

ಗೇಟು ಸಿದ್ಧವಾದ ಮೇಲೆ ಎಜೀರ್ ಪೋಸ್ಟರು ಮಾಡಿಸಲು 'ದೇವರ ಸಮಯವೇ ಸರಿ'ಗೆ ಬಂದ. ಕ್ವಾನ್ಸಿಮಾಗೆ ಸಾವು ತಿಳಿದದ್ದು ಹಾಗೆ, ಕೌಂಟರಿನಲ್ಲಿ, ಗಿರಾಕಿಯ ಬಾಯಲ್ಲಿ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅತ್ತಳೋ ಇಲ್ಲವೋ ಗೊತ್ತಿಲ್ಲ. ಎಸಿಲ್ಫಿ ಹೇಳುವ ಪ್ರಕಾರ ಕಣ್ಣು ಕೆಂಪಾಗಿತ್ತು, ಆದರೆ ಅವಳ ಕಣ್ಣು ಕೆಂಪಾಗಲು ಸಾವೇ ಬೇಕಿರಲಿಲ್ಲ.

ಚೆನ್ನಾದ ಫೋಟೊ ಕುಟುಂಬದ ಬಳಿ ಒಂದೂ ಇರಲಿಲ್ಲ. ಪಾಠದ ಫೋಟೊವನ್ನೇ ಬಳಸುವುದೆಂದಾಯಿತು. ಎಜೀರ್ ಅದನ್ನು ನೋಡಿ ತನಗೆ ಬೇಕಾದ ಬದಲಾವಣೆಗಳನ್ನು ಹೇಳುತ್ತ ಹೋದ. ಬಣ್ಣ ತಿಳಿ ಮಾಡಬೇಕು. ವಯಸ್ಸು ಇಳಿಸಬೇಕು. ಕಣ್ಣಿನ ಪೊರೆ ತೆಗೆಯಬೇಕು. ಬಾಣಲೆ, ಒಲೆ, ಮೀನು ಯಾವುದೂ ಕಾಣಬಾರದು. ಮೈಮೇಲೆ ಸಿರಿವಂತರು ಉಡುವ ಕೆಂಟೆ ಬಟ್ಟೆ, ಕತ್ತಿಗೆ ಚಿನ್ನ. ಕೈಮೇಲಿನ ಆ ಗಲೀಜು ಹೋಗಬೇಕು. ಹೆಸರು ಮೇಡಂ ಶಾರ್ಲೆಟ್ ಎಜೀರ್.

"ಶಾರ್ಲೆಟ್ ಯಾರು?" ಎಂದಳು ಕ್ವಾನ್ಸಿಮಾ.

"ಚರ್ಚಿನಲ್ಲಿ ಇಟ್ಟ ಹೆಸರು."

"ಮಾಮೆ ಒತುವಾ ಅಂತ ಕೆಳಗಾದ್ರೂ ಹಾಕಿ ಹಿರಿಯರೇ. ಕೆಂಕಿ ಮಾರ್ತಿದ್ದವಳು ಅಂತ ಹಾಕಿ."

"ಕೆಂಕಿ ಮಾರ್ತಿದ್ದಳು ಅಂತ ಊರಿಗೆಲ್ಲ ಸಾರಬೇಕಾ? ನೀನು ಬಣ್ಣ ಹಚ್ಚೋಳು. ಬಣ್ಣ ಹಚ್ಚು."

ಅವನು ಹೋದ ಮೇಲೆ ಅವಳು ಈ ಕೆಲಸ ಮಾಡುವುದಿಲ್ಲ ಎಂದಳು. ಎಸಿಲ್ಫಿ ಕೆಟ್ಟವನಲ್ಲ, ಹೆದರುಪುಕ್ಕಲ. ನೀನು ಮಾಡದಿದ್ದರೆ ಪಕ್ಕದ ಬೀದಿಯವನು ಮಾಡುತ್ತಾನೆ, ಅಜ್ಜಿಯ ತಲೆ ಕತ್ತರಿಸಿ ಯಾರೋ ಮಂತ್ರಿಯ ಹೆಂಡತಿಯ ಮೈಗೆ ಅಂಟಿಸುತ್ತಾನೆ, ಅದಾದರೂ ಆಗಲಿ ಎನ್ನುತ್ತೀಯಾ ಎಂದು ಕೇಳಿದ. ಆ ಮಾತು ಅವಳಿಗೆ ನಾಟಿತು. ತಲೆ ಕತ್ತರಿಸಿ ಅಂಟಿಸುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಕೊನೆಗೆ ನನ್ನ ಕೈಯಲ್ಲೇ ಆಗಲಿ ಎಂದು ಕೂತಳು.

ಕೂತು ಮಾಡಿದ್ದೇನು? ಹೊಸಬರಿಗೆ ಕಲಿಸಿದ ಒಂದೊಂದನ್ನೂ ತಲೆಕೆಳಗು ಮಾಡಿದಳು. ಮುಖದ ಪದರದಲ್ಲಿ ಕಂದನ್ನು ಎಳೆದೆಳೆದು ಜೇನಿನ ಬಣ್ಣಕ್ಕೆ ತಂದಳು. ಗದ್ದದ ಕೆಳಗಿನ ನೇರಳೆ ತೆಗೆದಳು. ಒಲೆಯೇ ಇಲ್ಲದ ಮೇಲೆ ಕೆನ್ನೆಯ ಕಿತ್ತಳೆಗೆ ಅಲ್ಲೇನು ಕೆಲಸ, ಅದನ್ನೂ ತೆಗೆದಳು. ಮೃದು ಬ್ರಷ್ಷನ್ನು ಎಲ್ಲೆಲ್ಲೂ ಸವರಬೇಡಿ, ಮುಖ ದಿಂಬಿನ ಹಾಗೆ ಉಬ್ಬುತ್ತದೆ ಎಂದು ಬಯ್ಯುತ್ತಿದ್ದವಳು ಆ ಬ್ರಷ್ಷಿನಲ್ಲೇ ಒಂದು ಸುಕ್ಕೂ ಬಿಡದೆ ಸವರಿದಳು. ಪೊರೆಯ ಕಣ್ಣನ್ನು ಮುಚ್ಚಿ, ಒಳ್ಳೆಯ ಕಣ್ಣನ್ನೇ ತಿರುವಿ ಅಲ್ಲಿ ಕೂರಿಸಿದಳು. ಕೈಮೇಲಿನ ಕಲೆಗಳಿಗೆ ಬಂದಾಗ ಒಮ್ಮೆ ಎದ್ದು ಹೋಗಿ ನೀರು ಕುಡಿದು ಬಂದಳು. ಬಂದು ಅವನ್ನೂ ಅಳಿಸಿದಳು. ಕೆಂಟೆಯ ನೂಲು ನೂಲು ಬಿಡಿಸಿ ಬರೆದಳು, ಚಿನ್ನಕ್ಕೆ ಹೊಳಪು ಕೊಟ್ಟಳು. ಅವಳ ಕೈಯಿಂದ ಅಷ್ಟು ಅಚ್ಚುಕಟ್ಟಾದ ಕೆಲಸ ಹಿಂದೆ ಬಂದಿರಲಿಲ್ಲ. ಎಜೀರ್ ಕೈ ಕುಲುಕಿದ. ಎಸಿಲ್ಫಿ ಅದನ್ನು ಮಾದರಿಯೆಂದು ಅಂಗಡಿಯ ಮುಂದೆಯೂ ಒಂದು ತೂಗುಹಾಕಿದ.

ಪೋಸ್ಟರುಗಳು ಗೋಡೆ ಗೋಡೆಗೆ ಹತ್ತಿದವು. ವೃತ್ತದಲ್ಲಿ ದೊಡ್ಡ ಬ್ಯಾನರು ಏರಿತು. ಬರುವ ಶನಿವಾರ ಮಣ್ಣು. ಊರಿಗೆಲ್ಲ ಗೊತ್ತಾಯಿತು, ಇನ್ನು ಮಾರುಕಟ್ಟೆ ಮಾರುಕಟ್ಟೆಯೇ ಅವಳ ಹಿಂದೆ ನಡೆಯುತ್ತದೆ ಎಂದು ಕ್ವಾನ್ಸಿಮಾ ಅಂದುಕೊಂಡಳು. ಅಷ್ಟಾದರೂ ಆಗಲಿ ಎಂದೇ ಕೋಪವನ್ನು ನುಂಗಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಮೀನಿನ ಅಬಾ ಎದುರಾದಳು. ಮಾಮೆ ಒತುವಾಗೆ ದಿನವೂ ಮೀನು ಹಾಕುತ್ತಿದ್ದವಳು, ಜಗಳಗಂಟಿ, ಅವಳ ಜೀವದ ಗೆಳತಿ. ತಲೆಯ ಮೇಲಿನ ಬೇಸಿನ್ನು ಇಳಿಸಿ, ದಣಿದು, ಪೋಸ್ಟರು ಹಚ್ಚಿದ ಗೋಡೆಗೇ ಬೆನ್ನು ಕೊಟ್ಟು ನಿಂತಳು.

"ಏ ಹುಡುಗಿ, ಆ ಮುದುಕಿ ಯಾವಾಗ ಬರ್ತಾಳಂತೆ? ಸೀಸನ್ನು ಶುರುವಾಯ್ತು ಅಂತ ಹೇಳಿ ಕಳಿಸು. ಊರಲ್ಲಿ ಕೂತು ಕೊಬ್ಬಿರಬೇಕು ಅವಳು."

ಅಬಾಳ ಭುಜದ ಪಕ್ಕದಲ್ಲೇ ಆ ಜೇನು ಬಣ್ಣದ ಮುಖ ನಗುತ್ತಿತ್ತು. ಕ್ವಾನ್ಸಿಮಾ ಅದರ ಕಡೆ ಕೈ ತೋರಿಸಿದಳು. ಅಬಾ ತಿರುಗಿ ನೋಡಿದಳು.

"ಪಾಪ, ಯಾರೋ ದೊಡ್ಡ ಮನೆಯವರು. ಪಾದ್ರಿ ಹೆಂಡ್ತಿ ಇರಬೇಕು. ಯಾಕೆ, ನಿನಗೆ ಪರಿಚಯವಾ?"

"ಅಬಾ ಅಕ್ಕ, ಅದು ಮಾಮೆ ಒತುವಾ. ಅಜ್ಜಿ ತೀರಿಕೊಂಡಳು."

"ಬಿಡ್ತು ಅನ್ನು," ಎಂದಳು ಅಬಾ. ದನಿ ಏರಿಸಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಬದುಕಿರೋರನ್ನ ಸತ್ರು ಅಂತೀಯಲ್ಲ, ನಿನ್ನ ನಾಲಿಗೆಗೇನು ಬಂತು? ಮೂವತ್ತು ವರ್ಷ ಅವಳ ಮುಖ ನೋಡಿದೀನಿ. ಇವಳು ಒತುವಾ ಆದ್ರೆ ನಾನು ರಾಣಿ." ಬೇಸಿನ್ನು ಎತ್ತಿ ತಲೆಗಿಟ್ಟುಕೊಂಡು, ಹಿಂತಿರುಗಿ ನೋಡದೆ ಹೋದಳು.

ಕ್ವಾನ್ಸಿಮಾ ಟ್ರೋಟ್ರೋ ನಿಲ್ದಾಣಕ್ಕೆ ಹೋಗಿ ಡ್ರೈವರುಗಳನ್ನು ಕೇಳಿದಳು. ಮೂಟೆ ಹೊರುವವರನ್ನು ಕೇಳಿದಳು. ಎಲ್ಲರೂ ಪೋಸ್ಟರು ನೋಡಿದ್ದರು, ಯಾರಿಗೂ ಅದು ಯಾರೆಂದು ಗೊತ್ತಿರಲಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಅಬಾ ಬೈದಂತೆಯೇ ಬೈದರು. ಬದುಕಿದವರ ಸಾವು ಹೇಳುವುದು ನಮ್ಮಲ್ಲಿ ಶಾಪ ಹಾಕಿದ್ದಕ್ಕೆ ಸಮ. ಪೋಸ್ಟರು ಎಲ್ಲಿ ಎಂದು ಕೇಳುತ್ತಾರೆ. ಪೋಸ್ಟರು ತೋರಿಸಿದರೆ ಇದು ಅವಳಲ್ಲ ಎನ್ನುತ್ತಾರೆ. ಹೀಗೇ ಆದರೆ ಶನಿವಾರ ಆ ಹೆಂಗಸು, ತನ್ನ ಕೈಯ ಕೆಂಕಿ ತಿಂದವರಲ್ಲಿ ಒಬ್ಬರೂ ಇಲ್ಲದೆ, ಗೇಟು ನೋಡಲು ಬಂದ ನೆಂಟರ ನಡುವೆ ಮಣ್ಣಿಗೆ ಹೋಗುತ್ತಾಳೆ. ಹಾಗೆ ಮಾಡಿದ್ದು ಎಜೀರನ ಬಾಯಿ, ಕ್ವಾನ್ಸಿಮಾಳ ಕೈ.

ಅವಳು ಮೆಟ್ಟಿಲು ಹತ್ತಿ ಬಂದಾಗ ಮಾಳಿಗೆಯಲ್ಲಿ ಟಾವಿಯಾ ಒಬ್ಬನೇ ಕೂತು ಮತ್ತೆ ಅದೇ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ. ಪರೀಕ್ಷೆ ಮಾಡುವವಳು ಇಲ್ಲದಿದ್ದರೂ ಅಭ್ಯಾಸ ಬಿಟ್ಟಿರಲಿಲ್ಲ. ಅವಳು ನಡೆದದ್ದನ್ನು ಹೇಳಿ, ಈಗಲೇ ಕೂತು ಒಂದು ನಿಜವಾದ ಮುಖ ಮಾಡುತ್ತೇನೆ, ನಾಳೆ ಸಂಜೆಯೊಳಗೆ ಮುಗಿಸುತ್ತೇನೆ ಎಂದಳು. ಟಾವಿಯಾ ಫೋನು ಕೆಳಗಿಟ್ಟ.

"ನಾಳೆ ಸಂಜೆ ಹಚ್ಚಿದ್ರೆ ಯಾರು ನೋಡ್ತಾರೆ ಮೇಡಂ? ನಾವು ಮಾಡಿದ್ದೆಲ್ಲ ಈ ಕಂಪ್ಯೂಟರಲ್ಲೇ ಬಿದ್ದಿದೆಯಲ್ಲ. ಅದನ್ನೇ ಹಾಕಿ."

"ಅವೆಲ್ಲ ಫೇಲಾದವು ಟಾವಿಯಾ ಅಣ್ಣ. ಒಂದೂ ಸರಿಯಿಲ್ಲ."

"ಸರಿಯಿರೋದು ಹಾಕಿ ಏನಾಯ್ತು ಅಂತ ನೋಡಿದ್ರಲ್ಲ."

ಕ್ವಾನ್ಸಿಮಾ ಕಂಪ್ಯೂಟರಿನ ಮುಂದೆ ಕೂತಳು. ಹೊಸಬರು ಮಾಡಿದ ಮುಖಗಳನ್ನೆಲ್ಲ ತೆರೆದಳು. ಒಂದರಲ್ಲಿ ಅಜ್ಜಿ ಇಟ್ಟಿಗೆಯಷ್ಟು ಕೆಂಪು. ಒಂದರಲ್ಲಿ ಹಣೆಯ ನೀಲಿ ಹೆಚ್ಚಾಗಿ ಚಳಿಯಲ್ಲಿ ನಿಂತವಳಂತೆ. ಒಂದರಲ್ಲಿ ತಳಬಣ್ಣ ಗೆರೆ ದಾಟಿ ಕಿವಿ ಬಟ್ಟೆಯೊಳಗೆ ಸೇರಿದೆ. ಟಾವಿಯಾನದು ಇದ್ದಿಲು. ಆದರೆ ಪ್ರತಿಯೊಂದರಲ್ಲೂ ಪೊರೆ ಕಟ್ಟಿದ ಕಣ್ಣು ಇತ್ತು, ಬಾಣಲೆ ಇತ್ತು, ಕಲೆಯ ಕೈ ಇತ್ತು. ಅವನ್ನು ಬಿಟ್ಟರೆ ಅಜ್ಜಿ ನೋಡುವುದೇ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತಲ್ಲ.

ಕೆಳಗೆ ಎಸಿಲ್ಫಿ ಕೈ ಮುಗಿದ. ಬೇಡಮ್ಮ, ಕುಟುಂಬ ಹಚ್ಚಿದ ಪೋಸ್ಟರಿನ ಪಕ್ಕ ಇನ್ನೊಂದು ಹಚ್ಚಿದರೆ ಎಜೀರ್ ನನ್ನ ಅಂಗಡಿ ಮುಚ್ಚಿಸುತ್ತಾನೆ, ಸಾವು ಸಾರುವ ಹಕ್ಕು ಅವರದು ಎಂದ.

"ಸಾರಿದ್ದು ಅವರೇ ಅಲ್ವಾ, ಆಗಿಹೋಯ್ತಲ್ಲ," ಎಂದಳು ಕ್ವಾನ್ಸಿಮಾ. "ಸತ್ತಿದ್ದು ಯಾರು ಅಂತ ಮಾತ್ರ ನಾನು ಹೇಳ್ತಿದ್ದೀನಿ."

ಹಚ್ಚುವುದಾದರೆ ಸೋಮವಾರದಿಂದ ಬರಬೇಡ ಎಂದ ಅವನು, ನೆಲ ನೋಡುತ್ತ. ಅವಳು ಸರಿ ಎಂದು ಪಾಠದ ಹಳೆಯ ಪುಟ್ಟ ಪ್ರಿಂಟರಿನಲ್ಲಿ, ಮೀನು ಕಟ್ಟುವ ಅದೇ ಅಗ್ಗದ ಕಾಗದದಲ್ಲಿ ಎಲ್ಲವನ್ನೂ ತೆಗೆದಳು. ಕೆಳಗೆ ಇಷ್ಟೇ ಬರೆದಿತ್ತು: ಮಾಮೆ ಒತುವಾ, ಕೆಂಕಿ. ಶನಿವಾರ. ಮನೆಯ ವಿಳಾಸ. ಟಾವಿಯಾ ಮೈದಾ ಗೋಂದು ಕಲಸಿದ. ಮುಚ್ಚಿದ ಅಂಗಡಿಯ ಹಲಗೆಗೆ, ಕಂಬಗಳಿಗೆ, ವ್ಯಾನುಗಳ ಹಿಂಬದಿಗೆ, ಮೀನುಕಟ್ಟೆಯ ಗೋಡೆಗೆ ಹಚ್ಚುತ್ತ ಹೋದರು. ಬೋರ್ಡು ಬರೆಯುತ್ತಿದ್ದ ಮನುಷ್ಯ, ಎಲ್ಲಿ ಹಚ್ಚಿದರೆ ಕಣ್ಣಿಗೆ ಬೀಳುತ್ತದೆ ಎಂದು ಯಾರೂ ಅವನಿಗೆ ಹೇಳಬೇಕಿರಲಿಲ್ಲ.

ಶುಕ್ರವಾರ ಅಬಾ ಬೇಸಿನ್ನು ಹೊತ್ತು ಬಂದಳು. ಟಾವಿಯಾನ ಇದ್ದಿಲು ಮುಖದ ಮುಂದೆ ನಿಂತಳು. ಬೇಸಿನ್ನು ತಾನಾಗಿ ಇಳಿಸಲಿಲ್ಲ, ಅಲ್ಲಿದ್ದವರು ಹಿಡಿದು ಇಳಿಸಿದರು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಳು. ಯಾರಿಗೂ ಕೇಳಿಸದ ಹಾಗೆ ಏನೋ ಹೇಳಿಕೊಂಡಳು, ಆಮೇಲೆ ಎಲ್ಲರಿಗೂ ಕೇಳಿಸುವಂತೆ ಅತ್ತಳು. ಮಾರುಕಟ್ಟೆಗೆ ಅಂದು ಸಾವು ತಿಳಿಯಿತು.

ಶನಿವಾರ ಎಜೀರನ ಹೊಸ ಗೇಟು ಸಾಲದಾಯಿತು. ಕಪ್ಪು ಬಿಳುಪು ಉಟ್ಟ ಹೆಂಗಸರು ಬೀದಿ ತುಂಬ ಬಂದರು. ಡ್ರೈವರುಗಳು ವ್ಯಾನು ನಿಲ್ಲಿಸಿ ಬಂದರು, ಮೂಟೆ ಹೊರುವವರು ಕೆಲಸ ಬಿಟ್ಟು ಬಂದರು. ಒಳಗೆ ಹೆಣಕ್ಕೂ ಪೋಸ್ಟರಿನಂತೆಯೇ ಅಲಂಕಾರ. ಮುಖಕ್ಕೆ ಪೌಡರು ಬಳಿದಿದ್ದರು. ಎಣ್ಣೆಯ ಕಲೆ ಕಾಣಬಾರದೆಂದು ಕೈಗಳಿಗೆ ಮೊಣಕೈವರೆಗೂ ಬಿಳಿಯ ಲೇಸಿನ ಗವಸು ತೊಡಿಸಿದ್ದರು. ಅಬಾ ಅದನ್ನು ಬಹಳ ಹೊತ್ತು ನೋಡಿದಳು. ಗೋಡೆಯಿಂದ ಕಿತ್ತು ತಂದಿದ್ದ ಟಾವಿಯಾನ ಕಾಗದವನ್ನು ಮಡಿಲಿನಿಂದ ತೆಗೆದು, ಮಡಚಿ, ಆ ಗವಸಿನ ಕೈಯಡಿಗೆ ತಳ್ಳಿದಳು. ತಡೆಯಲು ಕುಟುಂಬದವರೊಬ್ಬರು ಮುಂದೆ ಬಂದರು. ಅವಳ ಮುಖ ನೋಡಿ ಹಿಂದೆ ಸರಿದರು.

ಇನ್ನು ಎಜೀರನ ಸಂತೋಷ ಹೇಳತೀರದು. ಅಷ್ಟು ಜನ ಬಂದದ್ದನ್ನು ಆ ಕುಟುಂಬ ಹಿಂದೆಂದೂ ಕಂಡಿರಲಿಲ್ಲ. ಎಸಿಲ್ಫಿಯ ಭುಜ ತಟ್ಟಿ ಎಲ್ಲರೆದುರು, "ನೋಡಿದ್ಯಾ? ಬ್ಯಾನರು ದೊಡ್ಡದಾಗಿದ್ರೆ ಜನ ತಾವಾಗೇ ಬರ್ತಾರೆ," ಎಂದ. ವರ್ಷದ ನೆನಪಿಗೂ ಅದೇ ಮುಖ ಮಾಡಿಕೊಡಬೇಕು ಎಂದು ಅಲ್ಲೇ ಹೇಳಿದ.

ಪಕ್ಕದಲ್ಲಿ ಕ್ವಾನ್ಸಿಮಾ ಇದ್ದಳು. "ಹಿರಿಯರೇ, ಬಂದವರಲ್ಲಿ ಯಾರನ್ನಾದ್ರೂ ಕರೆದು ಕೇಳಿ," ಎಂದಳು. "ಶಾರ್ಲೆಟ್ ಅಂದ್ರೆ ಯಾರು ಅಂತ ಕೇಳಿ."

ಅವನು ನಕ್ಕು ಇನ್ನೊಬ್ಬರ ಕೈ ಕುಲುಕಲು ಹೋದ. ಕೇಳಲಿಲ್ಲ. ಅಂಥವರು ಕೇಳುವುದಿಲ್ಲ.

ವಾಪಸು ಬರುವ ದಾರಿಯಲ್ಲಿ ಟಾವಿಯಾ, ಹಾಗಾದರೆ ನಾನು ಪಾಸಾದೆನೇ ಎಂದು ಕೇಳಿದ. ನೆರಳಿಗೆ ಇನ್ನೂ ಕಪ್ಪೇ ಹಾಕುತ್ತೀರಿ, ಇಲ್ಲ ಎಂದಳು ಕ್ವಾನ್ಸಿಮಾ.

ಈಗ ಮೆಟ್ಟಿಲ ಬುಡದ ಅಂಗಡಿ ನಡೆಸುವವಳು ಅಬಾ. ಕೆಂಕಿ ಸ್ವಲ್ಪ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಕೆಲಸ ಹೋದ ಕ್ವಾನ್ಸಿಮಾ ಅದೇ ಅಂಗಡಿಗೆ ಈಗ ಹಾಕಿದ ತಗಡಿನ ನೆರಳಲ್ಲಿ ಬೆಂಚು ಹಾಕಿಕೊಂಡು ಹೊಸಬರಿಗೆ ಕಲಿಸುತ್ತಾಳೆ. ಮೊದಲ ದಿನ ಯಾರನ್ನೂ ಎಲ್ಲಿಗೂ ಕಳಿಸಬೇಕಿಲ್ಲ, ಸುತ್ತ ನೋಡಿದರೆ ಸಾಕು. ಎಸಿಲ್ಫಿ ಒಂದು ದಿನ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ಉಳಿದುಹೋದ ಕುಟುಂಬದ ಪೋಸ್ಟರುಗಳ ಕಟ್ಟೊಂದನ್ನು ತಂದು ಅವಳ ಮುಂದಿಟ್ಟ. ನಿನ್ನ ಅತ್ಯುತ್ತಮ ಕೆಲಸ, ಹೊಸಬರಿಗೆ ತೋರಿಸಲು ಇಟ್ಟುಕೋ ಎಂದ.

ಕ್ವಾನ್ಸಿಮಾ ಮೇಲ್ಗಡೆಯದೊಂದನ್ನು ತೆಗೆದು ಬೆಂಚಿನ ಮೇಲಿದ್ದವರಿಗೆ ತೋರಿಸಿದಳು. ಇದರಲ್ಲಿ ತಪ್ಪು ಹುಡುಕಿ ಎಂದಳು. ಅವರು ಹುಡುಕಿದರು. ಒಂದೂ ಸಿಗಲಿಲ್ಲ. ಇದು ಯಾರು ಎಂದು ಕೇಳಿದಳು. ಗೊತ್ತಿಲ್ಲ ಎಂದರು.

ಅವಳು ಕಟ್ಟನ್ನೆತ್ತಿ ಅಬಾಳ ಬಾಣಲೆಯ ಪಕ್ಕ ಇಟ್ಟಳು. "ತಗೋ ಅಕ್ಕ, ಮೀನು ಕಟ್ಟು."

ಅಬಾ ಕೈ ಹಿಂದೆ ತೆಗೆದಳು. "ಸತ್ತವಳ ಮುಖ ಕಣೇ."

"ಅವಳ ಮುಖ ಅಲ್ಲ. ಅವಳ ಮುಖವಾಗಿದ್ದಿದ್ರೆ ಅವತ್ತು ನೀನು ನನ್ನನ್ನ ಬಯ್ತಿರಲಿಲ್ಲ."

ಅಬಾ ಒಂದು ಹಾಳೆ ತೆಗೆದು, ಬಿಸಿ ಮೀನು ಇಟ್ಟು ಮಡಚಿದಳು. ನುಣುಪು ಕಾಗದ, ಎಣ್ಣೆ ಹೀರಲಿಲ್ಲ. ಚಿನ್ನದ ಸರದ ಮೇಲಿಂದ ಜಾರಿ ಅವಳ ಕೈಗೆ ಸುರಿಯಿತು. ಅವಳು ಕೈ ಕೊಡವಿ, ಮೀನನ್ನು ಬಿಚ್ಚಿ, ಹಾಳೆಯನ್ನು ಒಲೆಗೆ ಹಾಕಿದಳು.

"ಇದಕ್ಕೂ ಬರಲ್ಲ ಇದು," ಎಂದಳು.